ಧರ್ಮದಲ್ಲಿ ಐಕ್ಯ, ರಾಜಕಾರಣದಲ್ಲಿ ಭೇದ: ಹದಿಮೂರನೆಯ ಲಿಯೋ ಪೋಪರ 1892ರ ವಿಶ್ವಪತ್ರವನ್ನು ಕುರಿತು

ಕ್ಯಾಥೊಲಿಕರು ರಾಜಕೀಯ ವಿಷಯಗಳಲ್ಲಿ ಎಷ್ಟೇ ಪಕ್ಷಗಳಾಗಿ ಒಡೆದಿದ್ದರೂ ಧರ್ಮದ ವಿಷಯದಲ್ಲಿ ಒಂದಾಗಿಯೇ ಉಳಿಯುತ್ತಾರೆಂಬ ಮಾತು ಆಧುನಿಕ ಯುರೋಪಿನ ಚರಿತ್ರೆಯನ್ನು ವ್ಯಾಸಂಗಮಾಡುವವರಿಗೆ ಚಿರಪರಿಚಿತವಾದುದು. ಭಕ್ತರು ಇದನ್ನು ಅಭಿಮಾನದಿಂದ ಹೇಳುತ್ತಾರೆ. ವಿರೋಧಿಗಳು ಇದನ್ನೇ ತಿರುಗಿಸಿ, ರೋಮ್ ಆಜ್ಞಾಪಿಸಿದರೆ ಕೋಟ್ಯಂತರ ಜನ ತಲೆಬಾಗುತ್ತಾರೆಂದು ಆಕ್ಷೇಪಿಸುತ್ತಾರೆ. ಎರಡು ಮಾತುಗಳೂ ಒಂದೇ ಊಹೆಯ ಮೇಲೆ ನಿಂತಿವೆ. ರಾಜಕಾರಣವೆಂಬುದು ಹೊರಗಿನ ಅಂಗಳ, ಧರ್ಮವೆಂಬುದು ಒಳಮನೆ, ಅಂಗಳದ ಜಗಳ ಹೊಸ್ತಿಲು ದಾಟಿ ಒಳಕ್ಕೆ ಬರುವುದಿಲ್ಲ ಎಂಬುದೇ ಆ ಊಹೆ. ಇದು ಎಷ್ಟರಮಟ್ಟಿಗೆ ನಿಜವೆಂಬುದನ್ನು ಪರೀಕ್ಷಿಸುವುದಕ್ಕೆ ಫ್ರಾನ್ಸಿಗಿಂತ ಉಚಿತವಾದ ದೇಶವಿಲ್ಲ. ಆ ದೇಶದ ಕ್ಯಾಥೊಲಿಕರನ್ನುದ್ದೇಶಿಸಿ ಹದಿಮೂರನೆಯ ಲಿಯೋ ಪೋಪರು 1892ನೆಯ ಫೆಬ್ರವರಿ 16ರಂದು ಬರೆದ ವಿಶ್ವಪತ್ರವನ್ನು ಮುಂದಿಟ್ಟುಕೊಂಡು ನಾವು ಈ ಪ್ರಶ್ನೆಯನ್ನು ವಿವೇಚಿಸಲು ಯತ್ನಿಸುತ್ತೇವೆ. ಆ ಪತ್ರವನ್ನು ಒಂದು ವಿಫಲವಾದ ರಾಜನೀತಿಯ ದಾಖಲೆಯೆಂದು ಚರಿತ್ರಕಾರರು ಸಾಮಾನ್ಯವಾಗಿ ಬದಿಗಿಡುತ್ತಾರೆ. ಅದರ ತರ್ಕದೊಳಗೇ ಒಂದು ತೊಡಕಿದೆಯೆಂದೂ, ಮುಂದಿನ ಐವತ್ತು ವರ್ಷಗಳ ಕಷ್ಟವೆಲ್ಲ ಆ ತೊಡಕಿನಲ್ಲಿ ಬೀಜರೂಪವಾಗಿ ಅಡಗಿತ್ತೆಂದೂ ನಮ್ಮ ಅಭಿಪ್ರಾಯ.

ಮೊದಲು ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳಬೇಕು. 1790ನೆಯ ಜುಲೈ 12ರಂದು ಫ್ರಾನ್ಸಿನ ಕ್ರಾಂತಿಸಭೆಯು ಪಾದ್ರಿಗಳನ್ನು ರಾಜ್ಯದ ಸಂಬಳಗಾರರನ್ನಾಗಿ ಮಾಡಿ, ಅವರ ನೇಮಕವನ್ನು ಮತದಾರರ ಕೈಗೆ ಒಪ್ಪಿಸಿತು. ಆ ವರ್ಷಾಂತ್ಯದಲ್ಲಿ ಅವರೆಲ್ಲರೂ ಪ್ರಮಾಣವಚನ ಸ್ವೀಕರಿಸಬೇಕೆಂದು ವಿಧಿಸಿತು. ಬೆರಳೆಣಿಕೆಯಷ್ಟು ಬಿಷಪ್ಪರು ಮಾತ್ರ ಒಪ್ಪಿದರು. ಊರ ಪಾದ್ರಿಗಳಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಒಪ್ಪಿದರು, ಉಳಿದವರು ನಿರಾಕರಿಸಿದರು. 1791ರಲ್ಲಿ ಆರನೆಯ ಪಯಸ್ ಪೋಪರು ಆ ಶಾಸನವನ್ನು ಖಂಡಿಸಿದ ಮೇಲೆ ಒಂದೇ ಊರಿನಲ್ಲಿ ಇಬ್ಬರು ಪಾದ್ರಿಗಳು, ಒಬ್ಬನ ಪೂಜೆಗೆ ಹೋದವನು ಇನ್ನೊಬ್ಬನ ದೃಷ್ಟಿಯಲ್ಲಿ ಭ್ರಷ್ಟ ಎಂಬ ಸ್ಥಿತಿಯುಂಟಾಯಿತು. 1801ರಲ್ಲಿ ನೆಪೋಲಿಯನನೊಡನೆ ಒಪ್ಪಂದವಾದಾಗ ಏಳನೆಯ ಪಯಸ್ ಪೋಪರು ಈ ಒಡಕನ್ನು ಮುಚ್ಚಲು ಹಿಂದೆಂದೂ ಕಾಣದ ಉಪಾಯವೊಂದನ್ನು ಕೈಕೊಂಡರು: ಹಳೆಯ ಬಿಷಪ್ಪರೆಲ್ಲರೂ, ಅಂದರೆ ರೋಮಿನ ಪರವಾಗಿ ದೇಶಭ್ರಷ್ಟರಾಗಿ ಕಷ್ಟಪಟ್ಟವರೂ ಕೂಡ, ಪದವಿಯನ್ನು ಬಿಟ್ಟುಕೊಡಬೇಕೆಂದು ಕೇಳಿದರು. ಮೂವತ್ತಕ್ಕೂ ಹೆಚ್ಚು ಮಂದಿ ಬಿಡಲಿಲ್ಲ. ಅವರ ಅನುಯಾಯಿಗಳಲ್ಲಿ ಕೆಲವರು ‘ಕಿರಿಯ ಸಭೆ’ಯೆಂಬ ಹೆಸರಿನಿಂದ ಬೇರೆಯಾದರು. ಪಶ್ಚಿಮ ಫ್ರಾನ್ಸಿನ ಕೆಲವು ಹಳ್ಳಿಗಳಲ್ಲಿ ಅವರ ಸಂತತಿ ಇಂದಿಗೂ ಪಾದ್ರಿಗಳಿಲ್ಲದೆಯೇ ಪ್ರಾರ್ಥನೆ ನಡೆಸಿಕೊಂಡು ಬರುತ್ತಿದೆ. ಪೋಪರಿಗಾಗಿ ಹೋರಾಡಿದವರೇ ಪೋಪರಿಂದ ಬೇರೆಯಾದ ಈ ಪ್ರಸಂಗವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ.

(ನಮ್ಮ ಪಶ್ಚಿಮ ಕರಾವಳಿಯಲ್ಲಿಯೂ ಇದಕ್ಕೆ ದೂರದ ಹೋಲಿಕೆಯೊಂದುಂಟು. ಪೋರ್ಚುಗೀಸ್ ದೊರೆಯ ನೇಮಕಾಧಿಕಾರಕ್ಕೂ ರೋಮಿನ ಧರ್ಮಪ್ರಸಾರ ಮಂಡಲಿಯ ಅಧಿಕಾರಕ್ಕೂ ನಡುವೆ 1838ರ ಪೋಪರ ಆಜ್ಞಾಪತ್ರದಿಂದ ತೀವ್ರಗೊಂಡ ಕಲಹವು 1886ರ ಒಪ್ಪಂದದವರೆಗೆ ಸಾಗಿತು. ಮಂಗಳೂರಿನ ಕ್ಯಾಥೊಲಿಕರೂ ಗೋವೆಗೆ ನಡೆದುಕೊಳ್ಳುವವರು, ವರಾಪುಳಕ್ಕೆ ನಡೆದುಕೊಳ್ಳುವವರು ಎಂದು ವಿಭಾಗವಾಗಿದ್ದರು. ಅಲ್ಲಿಯೂ ವಿವಾದ ಸಿದ್ಧಾಂತದ್ದಾಗಿರಲಿಲ್ಲ, ಅಧಿಕಾರದ್ದಾಗಿತ್ತು.)

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಫ್ರಾನ್ಸಿನ ಧರ್ಮನಿಷ್ಠ ಕ್ಯಾಥೊಲಿಕನೆಂದರೆ ಅರಸೊತ್ತಿಗೆಯ ಪಕ್ಷದವನೆಂದೇ ಬಹುಮಟ್ಟಿಗೆ ಅರ್ಥವಾಗಿತ್ತು. 1873ರಲ್ಲಿ ಷಾಂಬೋರ್ ಪ್ರಭುವು ತ್ರಿವರ್ಣಧ್ವಜವನ್ನು ಒಪ್ಪಲೊಲ್ಲದೆ ಸಿಂಹಾಸನವನ್ನೇ ಕೈಬಿಟ್ಟನು. ಹತ್ತು ವರ್ಷಗಳ ಮೇಲೆ ಸಂತಾನವಿಲ್ಲದೆ ತೀರಿಕೊಂಡನು. ಅಷ್ಟರಲ್ಲಿ ಗಣರಾಜ್ಯವು ಬೇರೂರಿತ್ತು. 1880ರಲ್ಲಿ ಜೆಸುಯಿಟರನ್ನು ಚದುರಿಸಲಾಯಿತು, 1882ರಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಗಳಿಂದ ಧರ್ಮಬೋಧೆಯನ್ನು ತೆಗೆಯಲಾಯಿತು, 1884ರಲ್ಲಿ ವಿವಾಹವಿಚ್ಛೇದನಕ್ಕೆ ಅವಕಾಶವಾಯಿತು, 1889ರಲ್ಲಿ ಪಾದ್ರಿವೃತ್ತಿಯ ವಿದ್ಯಾರ್ಥಿಗಳೂ ಸೈನ್ಯಸೇವೆಗೆ ಒಳಪಟ್ಟರು. ಈ ಶಾಸನಗಳಿಗೆ ಗಣರಾಜ್ಯವೇ ಕಾರಣವೆಂದು ಅರಸೊತ್ತಿಗೆಯವರು ಹೇಳಿದರು. ಗಣರಾಜ್ಯವನ್ನು ಕ್ಯಾಥೊಲಿಕರು ಬಹಿಷ್ಕರಿಸಿದುದೇ ಕಾರಣವೆಂದು ಕೆಲವರಾದರೂ ಹೇಳಬಹುದಾಗಿತ್ತು. ಈ ಎರಡನೆಯ ಮಾತನ್ನು ಬಹಿರಂಗವಾಗಿ ಸೂಚಿಸಿದವರು ಆಲ್ಜಿಯರ್ಸಿನ ಕಾರ್ಡಿನಲ್ ಲಾವಿಜರಿ. 1890ನೆಯ ನವೆಂಬರ್ 12ರಂದು ನೌಕಾದಳದ ಅಧಿಕಾರಿಗಳಿಗೆ ಕೊಟ್ಟ ಔತಣದಲ್ಲಿ ಅವರು, ಜನರ ಇಚ್ಛೆ ಸ್ಪಷ್ಟವಾದ ಮೇಲೆ ಸ್ಥಾಪಿತ ಸರ್ಕಾರವನ್ನು ಮನಃಪೂರ್ವಕವಾಗಿ ಅಂಗೀಕರಿಸಬೇಕೆಂದರು. ಅವರ ಶಾಲೆಯ ವಾದ್ಯಮೇಳ ‘ಮಾರ್ಸೆಯೇಸ್’ ಗೀತೆಯನ್ನು ನುಡಿಸಿತು. ಅತಿಥಿಗಳಲ್ಲಿ ಬಹುಮಂದಿ ಅರಸೊತ್ತಿಗೆಯ ಪಕ್ಷದವರಾಗಿದ್ದರೆಂಬುದನ್ನು ನೆನೆದರೆ ಆ ಊಟ ಎಷ್ಟು ರುಚಿಸಿರಬಹುದೆಂಬುದನ್ನು ಊಹಿಸಬಹುದು.

ಪೋಪರ ವಿಶ್ವಪತ್ರವು ಇದಾದ ಹದಿನೈದು ತಿಂಗಳ ಮೇಲೆ ಹೊರಬಂದಿತು. ಎರಡು ಬಾಹ್ಯ ಲಕ್ಷಣಗಳೇ ಅದರ ಉದ್ದೇಶವನ್ನು ತಿಳಿಸುತ್ತವೆ. ಅದು ಫ್ರೆಂಚಿನಲ್ಲಿ ಬರೆಯಲ್ಪಟ್ಟಿತು. ಜೊತೆಗೆ ಅದೇ ದಿನಗಳಲ್ಲಿ, ಸುಮಾರು ಹತ್ತು ಲಕ್ಷ ಪ್ರತಿಗಳು ಮಾರಾಟವಾಗುತ್ತಿದ್ದ ‘ಪ್ತೀ ಜೂರ್ನಾಲ್’ ಎಂಬ ಅಗ್ಗದ ಪತ್ರಿಕೆಗೆ ಲಿಯೋ ಪೋಪರು ಸಂದರ್ಶನವನ್ನಿತ್ತರು. ಬಿಷಪ್ಪರ ತಲೆಯ ಮೇಲಿನಿಂದ ನೇರವಾಗಿ ಜನರೊಡನೆ ಮಾತಾಡುವ ಇಚ್ಛೆ ಇಲ್ಲಿ ವ್ಯಕ್ತವಾಗುತ್ತದೆ. ಪತ್ರದ ತಿರುಳು ಒಂದು ಭೇದಕಲ್ಪನೆಯಲ್ಲಿದೆ. ರಾಜ್ಯದ ರೂಪ ಬೇರೆ, ಅದು ಮಾಡುವ ಶಾಸನ ಬೇರೆ. ಸಾಮ್ರಾಜ್ಯ, ಅರಸೊತ್ತಿಗೆ, ಗಣರಾಜ್ಯ ಇವು ಮೂರೂ ಲೋಕಹಿತವನ್ನು ಸಾಧಿಸುವಷ್ಟರಮಟ್ಟಿಗೆ ಒಳ್ಳೆಯವು. ಧರ್ಮಸಭೆಗೆ ಇವುಗಳಲ್ಲಿ ಪಕ್ಷಪಾತವಿಲ್ಲ. ಕಾಲವು ಮನುಷ್ಯರ ಸಂಸ್ಥೆಗಳನ್ನು ಬದಲಿಸುತ್ತದೆ, ಹೊಸ ಅಧಿಕಾರವೊಂದು ಸ್ಥಾಪಿತವಾದ ಮೇಲೆ ಸಮಾಜದ ಶಾಂತಿಗಾಗಿ ಅದನ್ನು ಅಂಗೀಕರಿಸಬೇಕು. ಅತ್ಯುತ್ತಮವಾದ ರೂಪದಡಿಯಲ್ಲಿ ಹೇಯವಾದ ಶಾಸನ ಹುಟ್ಟಬಹುದು, ಹೀಗೆಯೇ ಇದಕ್ಕೆ ವಿಪರ್ಯಯವೂ ಆಗಬಹುದು. ಆದಕಾರಣ ಗಣರಾಜ್ಯವನ್ನು ಒಪ್ಪಿ, ಅದರ ದುಷ್ಟ ಶಾಸನಗಳನ್ನು ನ್ಯಾಯಸಮ್ಮತ ಮಾರ್ಗಗಳಿಂದ ಒಂದಾಗಿ ಎದುರಿಸಿರಿ. ಪತ್ರದ ಉಪದೇಶವಿಷ್ಟು.

ಈ ಭೇದಕಲ್ಪನೆ ಸ್ವಚ್ಛವಾದುದು, ಬೋಧನೆಗೆ ಅನುಕೂಲವಾದುದು. ಹತ್ತು ವರ್ಷ ಮೊದಲು, 1882ರಲ್ಲಿ, ಸ್ಪೇನಿನ ಬಿಷಪ್ಪರಿಗೆ ಬರೆದ ಪತ್ರದಲ್ಲಿಯೂ ಲಿಯೋ ಪೋಪರು ಇದೇ ಮಾರ್ಗದಲ್ಲಿ ಎರಡು ತಪ್ಪುಗಳನ್ನು ಗುರುತಿಸಿದ್ದರು: ಧರ್ಮವನ್ನು ರಾಜಕಾರಣದಿಂದ ಪೂರ್ಣವಾಗಿ ಕತ್ತರಿಸುವುದೊಂದು, ಧರ್ಮವನ್ನು ಒಂದು ಪಕ್ಷದೊಡನೆ ಬೆರೆಸಿಬಿಡುವುದೊಂದು. ಆದರೆ ಸ್ಪೇನಿಗೆ ಹೇಳಿದಾಗ ಇದು ಪಕ್ಷಗಳ ನಡುವಣ ತಾಟಸ್ಥ್ಯವಾಗಿತ್ತು. ಫ್ರಾನ್ಸಿಗೆ ಹೇಳಿದಾಗ ಒಂದು ಪಕ್ಷವು ತನ್ನ ಪಕ್ಷತ್ವವನ್ನೇ ತೊರೆಯಬೇಕೆಂಬ ವಿಧಿಯಾಯಿತು. ತೊಡಕು ಇರುವುದು ಇಲ್ಲಿಯೇ. ರಾಜ್ಯದ ರೂಪಗಳೆಲ್ಲ ಧರ್ಮಸಭೆಯ ದೃಷ್ಟಿಯಲ್ಲಿ ಸಮಾನವಾದರೆ, ಅರಸೊತ್ತಿಗೆಯನ್ನು ಬಯಸುವುದು ಪಾಪವಲ್ಲ. ಪಾಪವಲ್ಲದುದನ್ನು ಬಿಡೆಂದು ಪೋಪರು ಹೇಳುವುದಾದರೆ ಯಾವ ಅಧಿಕಾರದಿಂದ? ಲೋಕಹಿತಕ್ಕಾಗಿ ಎಂಬುದು ಪತ್ರದ ಉತ್ತರ. ಆದರೆ 1892ರ ಫ್ರಾನ್ಸಿನಲ್ಲಿ ಲೋಕಹಿತವು ಯಾವುದರಲ್ಲಿತ್ತು, ಗಣರಾಜ್ಯವು ನಿಜವಾಗಿ ಸ್ಥಾಪಿತವಾಗಿತ್ತೇ, ಅದನ್ನು ಒಪ್ಪಿದರೆ ಶಾಸನಗಳು ಸಡಿಲವಾಗುತ್ತಿದ್ದುವೇ ಎಂಬಿವು ರಾಜಕೀಯ ಅನುಮಾನಗಳು. ರೂಪದ ವಿಷಯದಲ್ಲಿ ನಿಷ್ಪಕ್ಷಪಾತವನ್ನು ಘೋಷಿಸಿದ ಅದೇ ಪತ್ರವು ಆ ನಿಷ್ಪಕ್ಷಪಾತದ ಹೆಸರಿನಲ್ಲಿಯೇ ಒಂದು ರಾಜಕೀಯ ನಿರ್ಣಯವನ್ನು ವಿಧಿಸಿತು.

ಇದನ್ನು ಮೊಟ್ಟಮೊದಲು ಕಂಡವರು ಆ ವಿಧಿಗೆ ಗುರಿಯಾದವರೇ. 1892ರ ಜೂನ್ ತಿಂಗಳಲ್ಲಿ ಅರಸೊತ್ತಿಗೆಯ ಪಕ್ಷದ ಶಾಸನಸಭಾ ಸದಸ್ಯರು ಕೊಟ್ಟ ಉತ್ತರದ ಸಾರಾಂಶವಿದು: ಕ್ಯಾಥೊಲಿಕರಾಗಿ ನಾವು ಧರ್ಮಶ್ರದ್ಧೆಯ ವಿಷಯದಲ್ಲಿ ಪೋಪರ ಪ್ರಮಾದರಹಿತವಾದ ಅಧಿಕಾರಕ್ಕೆ ತಲೆಬಾಗುತ್ತೇವೆ, ಪೌರರಾಗಿ ನಮ್ಮ ದೇಶದ ರಾಜ್ಯರೂಪವನ್ನು ನಿರ್ಣಯಿಸುವ ಹಕ್ಕನ್ನು ಉಳಿಸಿಕೊಳ್ಳುತ್ತೇವೆ. ಈ ಉತ್ತರದ ವಿಡಂಬನೆಯನ್ನು ಗಮನಿಸದಿರುವುದು ಸಾಧ್ಯವಿಲ್ಲ. 1870ರಲ್ಲಿ ಪೋಪರ ಪ್ರಮಾದರಾಹಿತ್ಯದ ಸಿದ್ಧಾಂತವನ್ನು ಅತ್ಯುತ್ಸಾಹದಿಂದ ಸ್ವಾಗತಿಸಿದ ವರ್ಗಕ್ಕೆ ಸೇರಿದವರೇ ಇಪ್ಪತ್ತೆರಡು ವರ್ಷಗಳೊಳಗೆ ಆ ಸಿದ್ಧಾಂತದ ಗಡಿಗಳನ್ನು ಅಳೆಯತೊಡಗಿದರು. ರಾಜನ ದೈವದತ್ತಾಧಿಕಾರವನ್ನು ನಂಬಿದವರು ಪೌರನ ಸ್ವಾತಂತ್ರ್ಯದ ಮೊರೆಹೊಕ್ಕರು. ಪೋಪರಾದರೋ ಗಣರಾಜ್ಯದ ಪರವಾಗಿ ವಿಧೇಯತೆಯನ್ನು ಬೇಡಿದರು. ಆದರೂ ವಿಡಂಬನೆಯೆಂಬ ಒಂದೇ ಕಾರಣದಿಂದ ಅವರ ಉತ್ತರವನ್ನು ತಳ್ಳಿಹಾಕುವುದು ನ್ಯಾಯವಲ್ಲ. ಲಿಯೋ ಪೋಪರ ಭೇದಕಲ್ಪನೆಯನ್ನು ಅವರು ಪೋಪರಿಗೇ ಅನ್ವಯಿಸಿದರು. ತರ್ಕದ ದೃಷ್ಟಿಯಿಂದ ಈ ವಾದದಲ್ಲಿ ಅವರೇ ಗೆದ್ದರೆಂದು ನಮಗೆ ತೋರುತ್ತದೆ. ರಾಜನೀತಿಯ ದೃಷ್ಟಿಯಿಂದ ಪೋಪರೇ ಸರಿಯಾಗಿದ್ದರು, ಏಕೆಂದರೆ ಫ್ರಾನ್ಸಿನಲ್ಲಿ ಅರಸರು ಮತ್ತೆ ಬರಲಿಲ್ಲ.

ಪರಿಣಾಮವು ಸರ್ವವಿದಿತ. 1893ರ ಚುನಾವಣೆಯಲ್ಲಿ ಪೋಪರ ಮಾತನ್ನು ಪಾಲಿಸಿದ ಆಲ್ಬೇರ್ ದ ಮುಂ ಮತ್ತು ಜಾಕ್ ಪ್ಯೂ ಇಬ್ಬರೂ ಸೋತರು. ಅನಂತರ ಡ್ರೈಫಸ್ ಪ್ರಕರಣ ಬಂದಿತು. ಅಸಂಪ್ಷನಿಸ್ಟ್ ಪಾದ್ರಿಗಳು ನಡೆಸುತ್ತಿದ್ದ ‘ಲಾ ಕ್ರ್ವಾ’ ಪತ್ರಿಕೆಯು ಯೆಹೂದ್ಯದ್ವೇಷವನ್ನು ಧರ್ಮಸೇವೆಯೆಂಬಂತೆ ಬಿತ್ತಿತು. ನಿರಪರಾಧಿಯ ಪರವಾಗಿ ನಿಂತ ಕ್ಯಾಥೊಲಿಕರು ವಿರಳ. ನ್ಯಾಯಶಾಸ್ತ್ರದ ಚರಿತ್ರಕಾರರಾದ ಪಾಲ್ ವಿಯೊಲೆ 1899ರಲ್ಲಿ ಕಟ್ಟಿದ ಕ್ಯಾಥೊಲಿಕ್ ಸಮಿತಿ ಅಂಥ ಅಲ್ಪಸಂಖ್ಯಾತರದು. ಇಲ್ಲಿ ಬಹುಸಂಖ್ಯಾತರ ಐಕ್ಯವೇನೋ ಇತ್ತು. ಆದರೆ ಅದು ಧರ್ಮದ ಐಕ್ಯವೆಂದು ಹೇಳಲು ನಮ್ಮ ಲೇಖನಿ ಏಳುವುದಿಲ್ಲ. ಪ್ರತೀಕಾರವಾಗಿ ಬಂದ 1901ರ ಮತ್ತು 1904ರ ಶಾಸನಗಳು ಮಠಗಳನ್ನು ಮುಚ್ಚಿಸಿದುವು. 1905ನೆಯ ಡಿಸೆಂಬರ್ 9ರ ಶಾಸನವು ಧರ್ಮಸಭೆಯನ್ನು ರಾಜ್ಯದಿಂದ ಬೇರ್ಪಡಿಸಿತು.

ಆ ಮೇಲಿನ ಘಟನೆಯೊಂದು ನಮ್ಮ ವಿಮರ್ಶೆಗೆ ಬಹಳ ಮುಖ್ಯವಾದುದು. ಚರ್ಚುಗಳ ಆಸ್ತಿಯನ್ನು ಪೂಜಾಸಂಘಗಳಿಗೆ ವಹಿಸಬೇಕೆಂದು ಶಾಸನ ವಿಧಿಸಿತ್ತು. 1906ರಲ್ಲಿ ಸಭೆಸೇರಿದ ಬಿಷಪ್ಪರಲ್ಲಿ ಬಹುಮತವು ತಕ್ಕ ಮಾರ್ಪಾಡುಗಳೊಡನೆ ಇದನ್ನು ಒಪ್ಪಬಹುದೆಂದಿತು. ಹತ್ತನೆಯ ಪಯಸ್ ಪೋಪರು ಆಗಸ್ಟ್ 10ರ ಪತ್ರದಲ್ಲಿ ಕೂಡದೆಂದರು. ಬಿಷಪ್ಪರು ಅರಮನೆಗಳನ್ನೂ ಗುರುಮಠಗಳನ್ನೂ ಕಳೆದುಕೊಂಡು ಬೀದಿಗಿಳಿದರೇ ಹೊರತು ಪ್ರತಿಭಟಿಸಲಿಲ್ಲ. 1892ರ ಆಜ್ಞೆಗೆ ದೊರೆಯದ ವಿಧೇಯತೆ 1906ರ ಆಜ್ಞೆಗೆ ಇಷ್ಟು ಸುಲಭವಾಗಿ ದೊರೆತುದಕ್ಕೆ ಕಾರಣವೇನು? ಪೋಪರ ಅಧಿಕಾರ ಹದಿನಾಲ್ಕು ವರ್ಷಗಳಲ್ಲಿ ಹೆಚ್ಚಿತೆಂದು ಹೇಳಲು ಆಧಾರವಿಲ್ಲ. ಎರಡನೆಯ ಆಜ್ಞೆಯು ಭಕ್ತರಲ್ಲಿ ಅನೇಕರ ಗಣರಾಜ್ಯದ್ವೇಷಕ್ಕೆ ಅನುಕೂಲವಾಗಿತ್ತು, ಮೊದಲನೆಯದು ಪ್ರತಿಕೂಲವಾಗಿತ್ತು. ವಿಧೇಯತೆಯನ್ನು ಅಳೆಯುವವರು ಆಜ್ಞೆಯನ್ನು ಮಾತ್ರ ನೋಡಿದರೆ ಸಾಲದು, ಕೇಳುವವನ ಇಷ್ಟಾನಿಷ್ಟಗಳನ್ನೂ ತೂಗಬೇಕು. ಇಷ್ಟಕ್ಕೆ ವಿರುದ್ಧವಾಗಿ ವಿಧೇಯರಾದವರೂ ಇದ್ದರು. ಕ್ರೈಸ್ತಧರ್ಮವನ್ನೂ ಪ್ರಜಾಪ್ರಭುತ್ವವನ್ನೂ ಬೆಸೆಯಲು ಹೊರಟಿದ್ದ ಮಾರ್ಕ್ ಸಾಂನ್ಯೇ ಅವರ ‘ಸಿಯ್ಯೋಂ’ (ನೇಗಿಲಸಾಲು) ಚಳವಳಿಯನ್ನು 1910ನೆಯ ಆಗಸ್ಟ್ 25ರಂದು ಹತ್ತನೆಯ ಪಯಸ್ ಖಂಡಿಸಿದಾಗ, ಸಾಂನ್ಯೇ ಮರುಮಾತಿಲ್ಲದೆ ಚಳವಳಿಯನ್ನು ವಿಸರ್ಜಿಸಿದರು.

ಇದಕ್ಕೆ ಎದುರಾಗಿ ‘ಆಕ್ಸ್ಯೋಂ ಫ್ರಾಂಸೇಸ್’ ಸಂಸ್ಥೆಯ ಕಥೆಯನ್ನಿಟ್ಟು ನೋಡಬೇಕು. ಅದರ ನಾಯಕರಾದ ಷಾರ್ಲ್ ಮೊರಾಸ್ ದೇವರಲ್ಲಿ ನಂಬಿಕೆಯಿಲ್ಲದವರು. ಧರ್ಮಸಭೆಯನ್ನು ಅವರು ಮೆಚ್ಚಿದ್ದು ಅದರ ಶಿಸ್ತಿಗಾಗಿ, ಅದು ಅರಸೊತ್ತಿಗೆಗೆ ಆಧಾರವಾದೀತೆಂಬ ಲೆಕ್ಕಾಚಾರದಿಂದ. ಆದರೂ ಪಾದ್ರಿಗಳೂ ಬಿಷಪ್ಪರೂ ಅವರ ದಿನಪತ್ರಿಕೆಯನ್ನು ಓದುತ್ತಿದ್ದರು. ಅವರ ಕೆಲವು ಪುಸ್ತಕಗಳನ್ನು ನಿಷಿದ್ಧಗ್ರಂಥಗಳ ಪಟ್ಟಿಗೆ ಸೇರಿಸಬೇಕೆಂದು 1914ರ ಜನವರಿಯಲ್ಲಿಯೇ ನಿರ್ಣಯವಾಗಿತ್ತು. ಹತ್ತನೆಯ ಪಯಸ್ ಅದನ್ನು ಪ್ರಕಟಿಸಲಿಲ್ಲ. ಸಿಯ್ಯೋಂ ಚಳವಳಿಯನ್ನು ಖಂಡಿಸಲು ತಡಮಾಡದ ಕೈ ಇಲ್ಲಿ ತಡೆದು ನಿಂತಿತು. ಹನ್ನೊಂದನೆಯ ಪಯಸ್ 1926ನೆಯ ಡಿಸೆಂಬರ್ 29ರಂದು ಆ ನಿರ್ಣಯವನ್ನು ಹೊರಗೆಡಹಿ, ದಿನಪತ್ರಿಕೆಯನ್ನೂ ಅದಕ್ಕೆ ಸೇರಿಸಿದರು. ಪತ್ರಿಕೆಯು ಅದಕ್ಕೆ ಮೊದಲೇ ತಾನು ವಿಧೇಯವಾಗಲಾರೆನೆಂದು ಸಾರಿತ್ತು. 1927ರ ಮಾರ್ಚಿಯಲ್ಲಿ ಶಿಕ್ಷೆಗಳು ವಿಧಿಸಲ್ಪಟ್ಟುವು: ಹಟದಿಂದ ಪತ್ರಿಕೆಯನ್ನು ಓದುವವನಿಗೆ ಪಾಪಕ್ಷಮೆಯಿಲ್ಲ, ಸತ್ತರೆ ಧರ್ಮೋಕ್ತವಾದ ಅಂತ್ಯಸಂಸ್ಕಾರವಿಲ್ಲ, ಕ್ಷಮೆಕೊಟ್ಟ ಪಾದ್ರಿಗೂ ದಂಡನೆಯುಂಟು. ಪತ್ರಿಕೆಗೆ ಸಹಾನುಭೂತಿ ತೋರಿದ ಜೆಸುಯಿಟ್ ಪಂಡಿತ ಕಾರ್ಡಿನಲ್ ಬಿಯೋ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕೆಂಪು ಟೊಪ್ಪಿಗೆಯನ್ನು ಬಿಟ್ಟುಕೊಟ್ಟರು. ಮೊರಾಸರಿಗೆ ಹಿಂದೆ ಹತ್ತಿರದವರಾಗಿದ್ದ ಜಾಕ್ ಮಾರಿತೇನ್ ರೋಮಿನ ಪಕ್ಷವನ್ನು ಹಿಡಿದು, ಆಧ್ಯಾತ್ಮಿಕದ ಪ್ರಾಧಾನ್ಯವನ್ನು ಪ್ರತಿಪಾದಿಸಿ 1927ರಲ್ಲಿ ಗ್ರಂಥವನ್ನು ಬರೆದರು. ಖಂಡನೆಗೆ ಸಿದ್ಧಾಂತದ ಕಾರಣಗಳಿದ್ದುವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ರಾಜಕಾರಣವೇ ಮೊದಲೆಂಬ ಮೊರಾಸರ ಸೂತ್ರಕ್ಕೂ ಕ್ರೈಸ್ತಧರ್ಮಕ್ಕೂ ಹೊಂದಿಕೆಯಿಲ್ಲ. ಆದರೆ ಹಳ್ಳಿಯ ಮುದುಕನೊಬ್ಬನು ಸಾಯುವ ಹೊತ್ತಿನಲ್ಲಿ, ಮೇಜಿನ ಮೇಲಿದ್ದ ಪತ್ರಿಕೆಯ ಕಾರಣದಿಂದ ಅವನಿಗೆ ಸಂಸ್ಕಾರವು ತಪ್ಪಿದಾಗ, ಲಿಯೋ ಪೋಪರು ಎಳೆದ ಗೆರೆ ಎಲ್ಲಿ ಉಳಿಯಿತು? ಐಕ್ಯವು ಸಂಸ್ಕಾರಗಳಲ್ಲಿದೆಯೆಂದು ಹೇಳಿಕೊಂಡು ಬಂದವರು ಸಂಸ್ಕಾರವನ್ನೇ ಆಯುಧವಾಗಿ ಎತ್ತಿಕೊಂಡರು. 1939ರ ಜುಲೈಯಲ್ಲಿ ಹನ್ನೆರಡನೆಯ ಪಯಸ್ ಈ ನಿಷೇಧವನ್ನು ತೆಗೆದುಹಾಕಿದರು; ಪುಸ್ತಕಗಳ ಮೇಲಣ ನಿಷೇಧ ಮಾತ್ರ ಉಳಿಯಿತು.

ಎರಡನೆಯ ಮಹಾಯುದ್ಧದ ಕಾಲದ ಫ್ರಾನ್ಸಿನಲ್ಲಿ ಭೇದವು ಪರಾಕಾಷ್ಠೆಯನ್ನು ಮುಟ್ಟಿತು. ಬಿಷಪ್ಪರು ಬಹುಮಟ್ಟಿಗೆ ಮಾರ್ಷಲ್ ಪೆತೇನರಿಗೆ ನಿಷ್ಠರಾಗಿದ್ದರು; 1942ನೆಯ ಆಗಸ್ಟ್ 23ರಂದು ತುಲೂಸಿನ ಆರ್ಚ್‌ಬಿಷಪ್ ಸಾಲಿಯೇಜ್ ಯೆಹೂದ್ಯರ ಬಂಧನವನ್ನು ಪ್ರತಿಭಟಿಸಿ ಬರೆದ ಪತ್ರವು ಅಧಿಕಾರಿಗಳ ನಿಷೇಧವನ್ನು ಮೀರಿ ಚರ್ಚುಗಳಲ್ಲಿ ಓದಲ್ಪಟ್ಟಿತು. ಪ್ಯಾರಿಸಿನ ನೋತ್ರ್ ದಾಮ್ ಮಂದಿರದಲ್ಲಿ 1944ರ ಬೇಸಗೆಯಲ್ಲಿ ನಡೆದುದು ಇನ್ನೂ ಹೆಚ್ಚು ಅರ್ಥಗರ್ಭಿತವಾದುದು. ವಿಶಿ ಸರ್ಕಾರದ ಪ್ರಚಾರಕನೂ ನಿಷ್ಠಾವಂತ ಕ್ಯಾಥೊಲಿಕನೂ ಆಗಿದ್ದ ಫಿಲಿಪ್ ಆಂರಿಯೋನನ್ನು ಜೂನ್ 28ರಂದು ಪ್ರತಿರೋಧ ಚಳವಳಿಯವರು ಕೊಂದಾಗ, ಕಾರ್ಡಿನಲ್ ಸ್ಯುಆರ್ ಅಲ್ಲಿ ಅವನ ಅಂತ್ಯಕ್ರಿಯೆಯ ವಿಧಿಯನ್ನು ನಡೆಸಿದರು. ಎರಡು ತಿಂಗಳೊಳಗೆ, ಆಗಸ್ಟ್ 26ರಂದು, ವಿಮೋಚನೆಯ ಕೃತಜ್ಞತಾಸ್ತೋತ್ರಕ್ಕಾಗಿ ಜನರಲ್ ದ ಗಾಲ್ ಅದೇ ಮಂದಿರಕ್ಕೆ ಬಂದರು; ಪ್ರತಿರೋಧ ಸಮಿತಿಯ ಅಧ್ಯಕ್ಷರಾದ ಜಾರ್ಜ್ ಬಿದೋ ಜೊತೆಗಿದ್ದರು. ಇಬ್ಬರೂ ಕ್ಯಾಥೊಲಿಕರೇ. ಅಂದು ಆ ಮಂದಿರದ ಒಡೆಯರಾದ ಕಾರ್ಡಿನಲರಿಗೆ ಮಾತ್ರ ಒಳಕ್ಕೆ ಪ್ರವೇಶವಿರಲಿಲ್ಲ. ಅವರನ್ನು ಮನೆಯಲ್ಲಿಯೇ ತಡೆಯಲಾಗಿತ್ತು. ಒಂದೇ ಬಲಿಪೀಠ, ಒಂದೇ ಲ್ಯಾಟಿನ್ ಸ್ತೋತ್ರ, ಒಬ್ಬರನ್ನೊಬ್ಬರು ಕೊಲ್ಲುವ ಎರಡು ಪಕ್ಷ. ಧರ್ಮದ ಐಕ್ಯವನ್ನು ಹೊಗಳುವವರು ಇದನ್ನು ತಮ್ಮ ಪರವಾದ ಸಾಕ್ಷ್ಯವೆಂದು ತೋರಿಸಬಹುದು, ತೆಗಳುವವರೂ ತೋರಿಸಬಹುದು.

ಹಾಗಾದರೆ ಐಕ್ಯವು ಉಳಿಯಿತೇ, ಇಲ್ಲವೇ? ಪಂಥಭೇದಗಳನ್ನು ಮಾತ್ರ ಎಣಿಸಿದರೆ ಉಳಿಯಿತೆಂದೇ ಹೇಳಬೇಕು. 1801ರ ಕಿರಿಯ ಸಭೆಯನ್ನು ಬಿಟ್ಟರೆ ರಾಜಕಾರಣದಿಂದ ಹುಟ್ಟಿ ಆ ದೇಶದಲ್ಲಿ ಬಹುಕಾಲ ಬಾಳಿದ ಪಂಥಗಳು ಹೆಚ್ಚಿಲ್ಲ. ಆದರೆ ಈ ಎಣಿಕೆಯ ಕ್ರಮವೇ ನಮಗೆ ಸಮ್ಮತವಲ್ಲ. ಅದು ಮುಂಬಾಗಿಲಿನಿಂದ ಕೂಗಾಡಿಕೊಂಡು ಹೊರಟವರನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಹಿತ್ತಲ ಬಾಗಿಲಿನಿಂದ ಸದ್ದಿಲ್ಲದೆ ಹೋದವರನ್ನು ಬಿಟ್ಟುಬಿಡುತ್ತದೆ. ಫ್ರಾನ್ಸಿನ ಗ್ರಾಮಾಂತರ ಪ್ರದೇಶಗಳ ಧರ್ಮಾಚರಣೆಯ ನಕ್ಷೆಯನ್ನು ಪಾದ್ರಿ ಬುಲಾರ್ 1947ರಲ್ಲಿ ಪ್ರಕಟಿಸಿದರು. 1791ರ ಪ್ರಮಾಣವಚನದ ನಕ್ಷೆಯನ್ನು ತಿಮೊಥಿ ಟ್ಯಾಕೆಟ್ ತಮ್ಮ 1986ರ ಗ್ರಂಥದಲ್ಲಿ ವಿಶದವಾಗಿ ಚರ್ಚಿಸಿದ್ದಾರೆ. ಎರಡನ್ನೂ ಒಂದರ ಮೇಲೊಂದಿಟ್ಟರೆ ಕಾಣುವ ಸಾಮ್ಯವು ಆಶ್ಚರ್ಯಕರವಾದುದು. ಪಾದ್ರಿಗಳು ಪ್ರಮಾಣವನ್ನು ನಿರಾಕರಿಸಿದ ಪಶ್ಚಿಮ ಭಾಗದಲ್ಲಿ ಒಂದೂವರೆ ಶತಮಾನದ ಮೇಲೆಯೂ ಚರ್ಚುಗಳು ತುಂಬಿದ್ದುವು. ಪ್ರಮಾಣವನ್ನು ಒಪ್ಪಿದ ಪ್ಯಾರಿಸಿನ ಸುತ್ತಣ ಬಯಲುಸೀಮೆಯಲ್ಲಿ ಬರಿದಾಗಿದ್ದುವು. ಪ್ರಮಾಣವೇ ಇದಕ್ಕೆ ಕಾರಣವೋ, ಅದಕ್ಕೆ ಹಿಂದಿನಿಂದಲೂ ಇದ್ದ ಭೇದವನ್ನು ಪ್ರಮಾಣವು ಬಯಲಿಗೆ ತಂದಿತೋ ಎಂಬುದು ಚರ್ಚಾಸ್ಪದ ವಿಷಯ. ಎರಡೂ ಸೇರಿದ್ದುವೆಂದು ನಾವು ಭಾವಿಸುತ್ತೇವೆ. ಹೇಗಾದರೂ ಗಣರಾಜ್ಯದ ಮೇಲಣ ಪ್ರೀತಿಯನ್ನು ಬಿಡಲಾರದ ರೈತನಿಗೆ ಪ್ರತ್ಯೇಕ ಪಂಥವನ್ನು ಕಟ್ಟುವ ಅಗತ್ಯವಿರಲಿಲ್ಲ. ಅವನು ನಾಮಕರಣಕ್ಕೂ ಮದುವೆಗೂ ಮಣ್ಣಿಗೂ ಚರ್ಚಿಗೆ ಬಂದನು, ಭಾನುವಾರ ಬರಲಿಲ್ಲ. ಇವನು ಯಾವ ಪಟ್ಟಿಯಲ್ಲಿಯೂ ಭಿನ್ನಮತೀಯನಲ್ಲ.

ಈ ದೃಷ್ಟಿಯಿಂದ ನೋಡಿದರೆ 1892ರ ಪತ್ರವನ್ನು ಚುನಾವಣೆಯ ಫಲಿತಾಂಶದಿಂದ ಅಳೆದು ವಿಫಲವೆನ್ನುವುದು ಅದಕ್ಕೆ ಮಾಡಿದ ಅನ್ಯಾಯ. ಲಿಯೋ ಪೋಪರಿಗೆ ಈ ರೈತನು ಕಾಣಿಸಿದ್ದನು. ಅಗ್ಗದ ಪತ್ರಿಕೆಗೆ ಅವರು ಕೊಟ್ಟ ಸಂದರ್ಶನ ಅವನಿಗಾಗಿಯೇ. ಕುಲೀನರು ಸಿಟ್ಟಾದರೆ ಆಗಲಿ, ಇವನು ಕೈತಪ್ಪದಿರಲಿ ಎಂಬುದೇ ಅದರ ಆಶಯವೆಂದು ನಾವು ಓದುತ್ತೇವೆ. ಅವರ ಕೊರತೆಯೆಂದರೆ, ಅವನಿಗೆ ಸ್ವಾತಂತ್ರ್ಯವಿದೆಯೆಂದು ಹೇಳುವುದಕ್ಕೆ ಬದಲಾಗಿ ಉಳಿದವರಿಗೆ ಆಜ್ಞೆಯಿದೆಯೆಂದು ಹೇಳಿದುದು. ರಾಜಕೀಯ ವಿಷಯಗಳಲ್ಲಿ ಭಿನ್ನಾಭಿಪ್ರಾಯವಿರುವ ಭಕ್ತರು ಧರ್ಮಸಭೆಯ ಅಧಿಕಾರವನ್ನು ತಮ್ಮ ಪಕ್ಷಕ್ಕೆ ಮಾತ್ರ ಸಲ್ಲಿಸಿಕೊಳ್ಳಬಾರದೆಂದು 1965ನೆಯ ಡಿಸೆಂಬರ್‌ನಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಘೋಷಿಸಿತು. 1972ರಲ್ಲಿ ಲೂರ್ದಿನಲ್ಲಿ ಸೇರಿದ ಫ್ರಾನ್ಸಿನ ಬಿಷಪ್ಪರು ಕ್ಯಾಥೊಲಿಕರಲ್ಲಿ ರಾಜಕೀಯ ಬಹುತ್ವವು ನ್ಯಾಯಸಮ್ಮತವೆಂದು ಅಂಗೀಕರಿಸಿದರು. 1892ರ ಜೂನಿನಲ್ಲಿ ಅರಸೊತ್ತಿಗೆಯ ಸದಸ್ಯರು ತಮಗಾಗಿ ಕೇಳಿದ್ದೂ ಬಹುಮಟ್ಟಿಗೆ ಇದನ್ನೇ. ಬಿಷಪ್ಪರು ಅದನ್ನು ಕೊಟ್ಟಾಗ ಕೇಳುವ ಅರಸೊತ್ತಿಗೆಯವರು ಹೆಚ್ಚುಮಂದಿ ಉಳಿದಿರಲಿಲ್ಲ. ಅಂದಿನ ಪ್ರಶ್ನೆ ಸಮಾಜವಾದಕ್ಕೆ ಮತಹಾಕುವ ಕ್ಯಾಥೊಲಿಕರದಾಗಿತ್ತು.